ಬೇರಿದ್ದ ನಾಲ್ಕು ಅಣಬೆ

ಆ ನಾಗರ ಪಂಚಮಿಯ ದಿನ ನಾನು ಬೆಳಿಗ್ಗೆ ಐದಕ್ಕೇ ಎದ್ದೆ. ಹಂಡೆಗೆ ಉರಿ ಹಾಕಿದೆ. ಅತ್ತೆಯವರಿಗೆ ನೀರು ತೋಡಿಕೊಟ್ಟೆ. ಬಾಗಿಲು ಸಾರಿಸಿ ರಂಗೋಲಿ ಹಾಕಿದೆ. ಮಣ್ಣಿನ ನಾಗಪ್ಪನಿಗೆ ಹಾಲೆರೆದೆ. ಹಿಂದಿನ ದಿನ ಕಟ್ಟಿದ್ದ ಎಳ್ಳುಂಡಿ, ಶೇಂಗಾದುಂಡಿಗಳನ್ನು ಡಬ್ಬಿಗೆ ತುಂಬಿದೆ. ನಮ್ಮವರ ಕರಿ ಟೋಪಿಯ ಧೂಳು ಝಾಡಿಸಿ ಗೂಟಕ್ಕೆ ಹಾಕಿದೆ. ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಆ ದಿನ ನನಗೆ ಜ್ವರವಿರಲಿಲ್ಲ, ತಲೆ ಸರಿಯಾಗಿತ್ತು, ದಿನದಂತೆ ಕೈ ತನ್ನ ಕೆಲಸ ಮಾಡುತ್ತಿತ್ತು ಎಂದು ಓದುವವರಿಗೆ ತಿಳಿಯಲಿ ಎಂದು.

ದೆವ್ವ ಭೂತದ ಮಾತು ಬಂದರೆ ಎದ್ದು ಹೋಗಿ ಪಾತ್ರೆ ತಿಕ್ಕುವವಳು ನಾನು. ನಂಬದಿರುವುದೇ ಜಾಣತನವೆಂದು ತಿಳಿದಿದ್ದೆ. ಒಮ್ಮೆ ನನ್ನ ಅಕ್ಕನನ್ನೂ ನಂಬಲಿಲ್ಲ. ಅದನ್ನು ಮೊದಲು ಹೇಳಬೇಕು.

ನಮ್ಮ ತವರು ಧಾರವಾಡದ ಹತ್ತಿರ. ಮಳೆ ಹಿಡಿದ ಮೇಲೆ ಅಕ್ಕ ನೀಲವ್ವನೂ ನಾನೂ ಅಡವಿಗೆ ಹೋಗಿ ಅಣಬೆ ತರುತ್ತಿದ್ದೆವು. ಯಾವುದು ತಿನ್ನುವಂಥದು, ಯಾವುದು ವಿಷ ಎಂದು ಗುರುತು ಹಿಡಿಯುವುದರಲ್ಲಿ ಅವಳದು ಎತ್ತಿದ ಕೈ. ಒಳ್ಳೆಯ ಅಣಬೆ ಹುತ್ತದಿಂದ ಬರುತ್ತದೆ. ಅದಕ್ಕೆ ನೆಲದೊಳಗೆ ಗೇಣುದ್ದದ ಬೇರಿರುತ್ತದೆ, ಇಲಿಯ ಬಾಲದಂತೆ ಸಪೂರಾಗುತ್ತ ಹೋಗುವ ಕಪ್ಪು ಬೇರು. ಮೇಲೆ ಅದರಂತೆಯೇ ಬೆಳ್ಳಗೆ ಕಾಣುವ ಕೆಟ್ಟ ಅಣಬೆಗೆ ಅದಿರುವುದಿಲ್ಲ. ಆದ್ದರಿಂದ ಅಕ್ಕ ಕಡ್ಡಿಯಿಂದ ಸುತ್ತ ಮಣ್ಣು ಬಿಡಿಸಿ, ಬೇರು ಕಂಡರೆ ಮಾತ್ರ ತೆಗೆಯುತ್ತಿದ್ದಳು. ಮನೆಗೆ ಬಂದು ಎಲೆಯ ಮೇಲೆ ಒಳ್ಳೆಯವನ್ನು ಬೋರಲು, ಅನುಮಾನದವನ್ನು ಅಂಗಾತ ಇಡುತ್ತಿದ್ದಳು.

ಮುಂದೆ ಇಬ್ಬರನ್ನೂ ಪುಣೆಗೇ ಕೊಟ್ಟರು. ಅವಳ ಗಂಡ ಅರಿವೆಯ ವ್ಯಾಪಾರಿ, ನನ್ನವರು ಲಷ್ಕರದ ಕಚೇರಿಯಲ್ಲಿ ಕಾರಕೂನರು. ಒಂದು ಪಂಚಮಿಗೆ ಅವಳ ಗಂಡ ಕಾತ್ರಜದ ಅಡವಿಯಿಂದ ಅಣಬೆ ತಂದ. ಪಂಚಮಿಯ ದಿನ ನೆಲ ಅಗೆಯಬಾರದು, ಈಳಿಗೆ ಮುಟ್ಟಬಾರದು, ಒಲೆಯ ಮೇಲೆ ರೊಟ್ಟಿಯ ಹಂಚು ಇಡಬಾರದು. ನೆಲದೊಳಗಿನ ನಾಗಪ್ಪನಿಗೆ ನೋವಾಗುತ್ತದೆಂದು ಹಾಗೆ. ಅದಕ್ಕೇ ಅವನು ಅಣಬೆಗಳನ್ನು ನೆಲದ ಮಟ್ಟಕ್ಕೆ ಮುರಿದು ತಂದಿದ್ದ. ಅಕ್ಕ ಅವನ್ನು ಕುದಿಸಿ ಬಡಿಸಿದಳು. ಅವನು ರುಚಿ ಹತ್ತಿ ಎಲ್ಲವನ್ನೂ ಉಂಡ. ಕಡೆಗೆ ಉಣ್ಣಬೇಕಾದವಳಿಗೆ ಏನೂ ಉಳಿಯಲಿಲ್ಲ. ಮೂರನೆಯ ದಿನ ಅವನು ತೀರಿಕೊಂಡ. ಅವಳು ಬದುಕಿದಳು. ಅತ್ತೆಮನೆಯವರಿಗೆ ಅಷ್ಟು ಸಾಕಾಯಿತು.

ಗಂಡನನ್ನು ಕೊಂದವಳು ಎನಿಸಿಕೊಂಡು ನನ್ನ ಮನೆಗೆ ಬಂದಳು. "ಬೇರ ಇರಲಿಲ್ಲ ತಂಗಿ, ನಾ ಬ್ಯಾಡಾ ಅಂದೆ," ಎಂದಳು.

"ಬ್ಯಾಡಾ ಅಂದಾಕಿ ಮತ್ಯಾಕ ಕುದಿಸಿದಿ?" ಎಂದೆ ನಾನು.

ಗಂಡನೂ ಅತ್ತೆಯೂ ಕುದಿಸು ಎಂದಾಗ ಒಲ್ಲೆ ಎಂದು ಕೂಡುವುದು ಎಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಕೇಳಿದೆ. ನಾಲ್ಕನೆಯ ದಿನ ನಮ್ಮವರು ಅವಳನ್ನು ಧಾರವಾಡದ ಗಾಡಿ ಹತ್ತಿಸಿ ಬಂದರು. ಮರುವರ್ಷದ ಪಂಚಮಿ ಬರುವ ಮೊದಲೇ ಅವಳು ತೀರಿಕೊಂಡಳು.

ಅದಾಗಿ ಏಳೆಂಟು ವರ್ಷಗಳ ಮೇಲಿನ ಮಾತು ಇದು. ಹಬ್ಬದ ರಜೆ ಎಂದು ನಮ್ಮವರು ಅತ್ತೆಯವರನ್ನೂ ನನ್ನನ್ನೂ ಸ್ವಾರಗೇಟಿನಿಂದ ಟಾಂಗಾ ಮಾಡಿ ಕಾತ್ರಜದ ಕಡೆ ಕರೆದುಕೊಂಡು ಹೋದರು. ಗಿಡಗಳ ನಡುವೆ ಅಡ್ಡಾಡುವಾಗ ಒಂದು ಹುತ್ತದ ಸುತ್ತ ಅಣಬೆ ಎದ್ದಿದ್ದವು. ನಮ್ಮವರು ಹುರುಪಿನಿಂದ ಬಗ್ಗಿದರು.

"ಬ್ಯಾಡ್ರಿ, ಬೇರ ನೋಡದ ತಗೀಬಾರದು," ಎಂದೆ.

"ಪಂಚಮೀ ದಿನಾ ಯಾರರೆ ನೆಲಾ ಕೆದರತಾರೇನ?" ಎಂದರು ಅತ್ತೆ. ಮಗನ ಕಡೆ ತಿರುಗಿ, "ಮುರಕೊಂಡ ಬಾರೋ ಸುಮ್ನ," ಎಂದರು.

ನಮ್ಮವರು ನಕ್ಕರು. "ಇಕಿ ಆರಿಸಿ ಕೊಡ್ತಾಳ ತಗೋ ಅವ್ವಾ. ಅಕ್ಕನ ಶಿಷ್ಯಾ ಅಲ್ಲೇನ? ನನ್ನ ಜೀವಾ ಅಷ್ಟು ಉಳಿಸಿದ್ರಾತು!"

ಅವರಿಗೆ ಅದು ಚೇಷ್ಟೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನಮ್ಮವರು ಮುರಿದು ಹೆಗಲ ಉಪರಣೆಯಲ್ಲಿ ಕಟ್ಟಿ ತಂದಿದ್ದ ಅಣಬೆಗಳನ್ನು ಬಿಚ್ಚಿ ಅಕ್ಕಿ ಕೇರುವ ಮರದಲ್ಲಿ ಹಾಕುವಾಗ ಒಂದೊಂದನ್ನೂ ತಿರುಗಿಸಿ ನೋಡಿದೆ. ಹನ್ನೊಂದು ಇದ್ದವು. ಎಲ್ಲವೂ ದೇಟು ಮುರಿದಂಥವು, ಒಂದಕ್ಕೂ ಬೇರಿಲ್ಲ. ಹಾಗೆಯೇ ಬಿಟ್ಟು ಕೊಡ ತೆಗೆದುಕೊಂಡು ನಳಕ್ಕೆ ಹೋದೆ. ನಮ್ಮದು ನಾಲ್ಕಾರು ಬಿಡಾರಗಳ ವಾಡೆ, ನಳ ನಮ್ಮ ಬಾಗಿಲಿನ ಎದುರಿಗೇ. ಒಳಗೆ ಯಾರೂ ಹೋಗಲಿಲ್ಲ. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ನಮ್ಮವರು ಹೊರಗೆ ಕಟ್ಟೆಯ ಮೇಲೆ ಅಡಕೆ ಕತ್ತರಿಸಲು ಹೋಗಿ, ಪಂಚಮಿ ನೆನಪಾಗಿ ಅಡಕತ್ತನ್ನು ಕೆಳಗಿಡುತ್ತಿದ್ದರು. ಒಂದು ಕೊಡ ತುಂಬುವಷ್ಟು ಹೊತ್ತು, ಅಷ್ಟೇ.

ಒಳಗೆ ಬಂದರೆ ಅಣಬೆಗಳು ಮರದಲ್ಲಿರಲಿಲ್ಲ. ಪಕ್ಕದ ಪತ್ರಾವಳಿಯ ಮೇಲೆ ಎರಡು ಪಾಲಾಗಿದ್ದವು. ಏಳು ಅಂಗಾತ. ನಾಲ್ಕು ಬೋರಲು. ಆ ನಾಲ್ಕಕ್ಕೂ ಬೇರಿತ್ತು. ಗೇಣುದ್ದದ ಕಪ್ಪು ಬೇರು, ತುದಿಗೆ ಹಸಿ ಮಣ್ಣು. ಕೊಡ ಇಳಿಸಿ ಮುಟ್ಟಿ ನೋಡಿದೆ. ಮಣ್ಣು ತಣ್ಣಗಿತ್ತು. ಎತ್ತಿದರೆ ದೇಟಿನಿಂದ ಬೇರಿನವರೆಗೆ ಎಲ್ಲಿಯೂ ಮುರಿದ ಗುರುತಿಲ್ಲ.

ಅತ್ತೆಯವರು ಬಂದು ನೋಡಿದರು. "ಅಗದೀ ಹೌದಲ್ಲ ನೀ? ನಮ್ಮ ಕಣ್ಣ ತಪ್ಪಿಸಿ!"

"ನಾ ಅಗದಿಲ್ರಿ ಅತ್ತಿ."

"ಹಂಗಾರ ಮರದಾಗ ಕೂತು ಬೇರ ಬಿಟ್ಟೂವೇನ?"

ಉಗುರು ತೋರಿಸಿದೆ. ಮಣ್ಣಿರಲಿಲ್ಲ. "ಈಗರೆ ನಳದಾಗ ತೊಳಕೊಂಡ ಬಂದೀ," ಎಂದರು. ನಮ್ಮವರು ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡು, ಖರೇ ಹೇಳಿಬಿಡು. ಯಾರೇನ ಬಡೀತಾರ?" ಎಂದರು. ಅತ್ತೆ ಬಿಡಲಿಲ್ಲ. "ಅಕಿನೂ ಹಿಂಗ, ನಾ ಬ್ಯಾಡಾ ಅಂದಿದ್ದೆ ಅಂತಿದ್ಲು. ಅಕ್ಕಗ ತಕ್ಕ ತಂಗಿ."

ನಾನು ಹೇಳುತ್ತಿದ್ದುದು ನಿಜ. ಕೇಳುವವರು ಯಾರೂ ಇರಲಿಲ್ಲ. ಅಕ್ಕ ನನ್ನೆದುರು ಕೂತಿದ್ದಾಗ ಅವಳ ಪಾಲಿಗೂ ಯಾರೂ ಇರಲಿಲ್ಲ, ಎದುರಿಗೆ ಕೂತವಳು ಒಡಹುಟ್ಟಿದವಳಾಗಿದ್ದರೂ.

ನಮ್ಮವರೇ ತಾಯಿಗೆ ತಿಳಿಯದಂತೆ ಕಿತ್ತಿರಬಹುದೆ? ಅತ್ತೆ ತೀರಿಕೊಂಡ ಮೇಲೆ ಒಮ್ಮೆ ಕೇಳಿದೆ. "ನಿನ್ನಾಣಿ ಇಲ್ಲ," ಎಂದರು. ಕಿತ್ತಿದ್ದರೂ ನಾನು ಎಣಿಸಿ ನೋಡಿದಾಗ ಬೇರು ಎಲ್ಲಿತ್ತು? ಬೋರಲು, ಅಂಗಾತ ಇಡುವ ರೀತಿ ಈ ಮನೆಯಲ್ಲಿ ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಅಕ್ಕನೇ ಬಂದಿದ್ದಳೆಂದು ಹೇಳಲು ನನಗೆ ಬಾಯಿಲ್ಲ. ಬಂದರೂ ಈ ಮನೆಗೇಕೆ ಬರಬೇಕು? ಅವಳನ್ನು ನಾಲ್ಕು ದಿನ ಇಟ್ಟುಕೊಳ್ಳಲಾಗದ ಮನೆ ಇದು. ಎಷ್ಟೋ ವರ್ಷಗಳಾದವು. ಕೂತಲ್ಲಿ ನಿಂತಲ್ಲಿ ಯೋಚಿಸಿದ್ದೇನೆ, ಒಂದೂ ಹೊಂದುವುದಿಲ್ಲ.

ಎಲ್ಲವನ್ನೂ ಚೆಲ್ಲು ಎಂದರು ಅತ್ತೆ. ಏಳನ್ನು ಚೆಲ್ಲಿದೆ. ನಾಲ್ಕನ್ನು ತೊಳೆದು, ಕೈಯಿಂದಲೇ ಸೀಳಿ, ಉಪ್ಪು, ಕುಟ್ಟಿದ ಖಾರ, ಜಜ್ಜಿದ ಬೆಳ್ಳುಳ್ಳಿ ಹಾಕಿ ಗಡಿಗೆಯಲ್ಲಿ ಕುದಿಸಿದೆ. ಅವರಿಬ್ಬರೂ ಮುಟ್ಟಲಿಲ್ಲ. ಅತ್ತೆ ಜೋಳದ ಅರಳಿನ ಅಳ್ಳಿಟ್ಟಿಗೆ ಹಾಲು ಕಲಸಿಕೊಂಡರು, ನಮ್ಮವರು ಎರಡು ಉಂಡಿ ತಿಂದು ಮಜ್ಜಿಗೆ ಅನ್ನ ಉಂಡರು. ಅವರು ನೋಡುತ್ತಿರುವಂತೆಯೇ ನಾನು ಅನ್ನ ಬಡಿಸಿಕೊಂಡು, ನಾಲ್ಕು ಅಣಬೆಯ ಪಲ್ಯವನ್ನೂ ಸುರಿದುಕೊಂಡು, ತಾಟು ಒರೆಸಿ ಉಂಡೆ. ಯಾರೂ ಬೇಡ ಎನ್ನಲಿಲ್ಲ. ಒಲೆ ಸಾರಿಸಿ, ಪಾತ್ರೆ ತಿಕ್ಕಿ, ಹಾಸಿಗೆ ಹಾಸಿದೆ. ತಾಯಿ ಮಗ ಇಬ್ಬರೂ ಕಂದೀಲು ಸಣ್ಣದು ಮಾಡದೆ ನನ್ನ ಕಡೆ ನೋಡುತ್ತ ಕೂತೇ ಇದ್ದರು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ, ಎಲ್ಲರಿಗಿಂತ ಮುಂಚೆ ನಿದ್ದೆ ಹೋದವಳು ನಾನು.