ನರಳಿದ ಶ್ರುತಿಪೆಟ್ಟಿಗೆ

ಕ್ಯಾರಿ ಎಂಬ ಊರಿನ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ, ಬೆಂಗಳೂರಿನಿಂದ ತಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಪ್ಲಗ್ಗಿಗೆ ಚುಚ್ಚಿದೆ. ಅಮೆರಿಕದ ಅರ್ಧ ವೋಲ್ಟೇಜಿಗೆ ಅದು ಹೊಟ್ಟೆನೋವು ಬಂದ ಎಮ್ಮೆಯಂತೆ ನರಳಿತು. ನನಗೆ ಆ ನರಳಾಟವೇ ಹಿಡಿಸಿಬಿಟ್ಟಿತು. ಹಾಗೇ ರೆಕಾರ್ಡ್ ಮಾಡುತ್ತಾ ಕೂತೆ.

"ಏನ್ರೀ ಇದು, ಆಫ್ ಮಾಡ್ರೀ!" ಎಂದು ಸಂಘದ ಅಧ್ಯಕ್ಷರು ಕೂಗಿದ್ದೂ ಕ್ಯಾಸೆಟ್ಟಿಗೆ ಸೇರಿತು. ಪೆಟ್ಟಿಗೆ ಆಫ್ ಮಾಡಿದೆ. ಕ್ಯಾಸೆಟ್ಟನ್ನು ಮಾತ್ರ ಜೋಪಾನವಾಗಿಟ್ಟೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ನರಳಾಟವನ್ನು ಕಂಪ್ಯೂಟರಿನಲ್ಲಿ ನಿಧಾನಗೊಳಿಸಿ, ಆ ಕೂಗನ್ನು ತುಂಡರಿಸಿ ತಾಳವಾಗಿಸಿ, ಅಟ್ಲಾಂಟಾದ ತುಂಬಿದ ಸಭಾಂಗಣದಲ್ಲಿ ನುಡಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮಕ್ಕೆಂದು ಕ್ಯಾರಿಯಿಂದ ಬಂದಿದ್ದ ಅದೇ ಅಧ್ಯಕ್ಷರು ವೇದಿಕೆಯ ಬಳಿಗೇ ಬಂದರು.

"ಸೂಪರ್ ಕಣ್ರೀ! ಆ ತಾಳಕ್ಕೆ ಯಾರ ವಾಯ್ಸ್ ಯೂಸ್ ಮಾಡಿದ್ರಿ?"

"ನಿಮ್ದೇ ಅಂಕಲ್," ಎಂದೆ. "ಇನ್ನೊಂದ್ಸಲ ಆನ್ ಮಾಡ್ಲಾ?"