ಬೆಡ್‌ಶೀಟಿನ ಆಚೆಯ ಸ್ವಿಚ್ಚು

ಹೋದ ವಾರ ಬನಶಂಕರಿಯಲ್ಲಿ ಮೊಬೈಲು ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ಸೋಲ್ಡರಿಂಗ್ ಕಡ್ಡಿ ಮುಟ್ಟಿಸಿದ, ಎಳೆಯಷ್ಟು ಹೊಗೆ ಎದ್ದಿತು. ಆ ವಾಸನೆ ನನ್ನನ್ನು ಯಡಿಯೂರಿನ ನಮ್ಮ ಹಳೇ ಬಾಡಿಗೆ ಮನೆಯ ಮೆಟ್ಟಿಲಿಗೆ ಕರೆದೊಯ್ದಿತು... ಕೆಳಗಿನ ಮನೆ ಅಂಕಲ್ ನೆನಪಾದರು.

ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದವಳು. ಯಾರು ಏನೇ ಹೇಳಿದರೂ ಒಪ್ಪಬಾರದೆಂಬ ಹಟ. ಅಂಕಲ್ ಕಾರ್ಖಾನೆಯಿಂದ ರಿಟೈರ್ ಆಗಿದ್ದರು. ಕಂಪ್ಯೂಟರಿನೊಳಗೆ ಅಂಕಿಗಳನ್ನು ಸದ್ದಾಗಿಸುವ ಸೌಂಡ್ ಕಾರ್ಡ್ ಹಾಡನ್ನು ಕೆಡಿಸುತ್ತದೆಂದು, ಅದೇ ಕೆಲಸವನ್ನು ಹೊರಗೆ ಮಾಡುವ ಪೆಟ್ಟಿಗೆಯೊಂದನ್ನು ಸ್ಟೀಲಿನ ಟಿಫನ್ ಡಬ್ಬಿಯಲ್ಲಿ ತಾವೇ ಕಟ್ಟುತ್ತಿದ್ದರು. ಫೈಲು ಅದೇ, ಅದರೊಳಗಿನ ಅಂಕಿಗಳೂ ಅವೇ, ಡಬ್ಬಿ ಇಟ್ಟರೆ ಹಾಡು ಹೇಗೆ ಬದಲಾಗುತ್ತದೆ ಎಂದು ನಾನು ವಾದಕ್ಕಿಳಿದೆ.

"ಒಳಗಿರೋದು ಅಂಕೀನೇ ಲಾಯರಮ್ಮ. ಕಿವಿಗೆ ಬರೋದು ಅಂಕಿ ಅಲ್ವಲ್ಲ," ಎಂದರು.

ಅಷ್ಟೆಲ್ಲ ಪಾಡು ಒಂದೇ ಒಂದು ಹಾಡಿಗಾಗಿ. ಅವರ ಹೆಂಡತಿ, ನಮ್ಮ ಆಂಟಿ, ಚೆನ್ನಾಗಿ ಹಾಡುತ್ತಿದ್ದರಂತೆ. ಗಂಟಲಿನ ಆಪರೇಷನ್ ಆದ ಮೇಲೆ ಪಿಸುಮಾತಷ್ಟೇ ಉಳಿದಿತ್ತು. ಹಿಂದೊಮ್ಮೆ ಮನೆಯಲ್ಲೇ ಮೈಕಿನ ಹತ್ತಿರ ಕೂತು ಹಾಡಿದ್ದ ಕ್ಯಾಸೆಟ್ ಒಂದಿತ್ತು. ಅಂಕಲ್ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದರು. ಆ ದನಿ ಮೊದಲಿದ್ದ ಹಾಗೆಯೇ ಕೇಳಿಸಬೇಕು ಎನ್ನುವುದು ಅವರ ಆಸೆ. ಆದರೆ ಮೆಷೀನುಗಳ ಪಕ್ಕದಲ್ಲೇ ಆಯುಷ್ಯ ಕಳೆದ ಅವರಿಗೆ ಸಣ್ಣ ಸದ್ದುಗಳು ಕೇಳಿಸುತ್ತಿರಲಿಲ್ಲ. ವ್ಯತ್ಯಾಸ ಕೇಳಿ ಹೇಳಲು ನನ್ನನ್ನು ಕರೆಯುತ್ತಿದ್ದರು.

"ನಿನ್ನೇ ಯಾಕೆ ಕರೀತೀನಿ ಗೊತ್ತಾ? ಬಂದೋರೆಲ್ಲ ಕಾಫಿ ಕುಡ್ದು ಸೂಪರ್ ಅಂದ್ಬಿಟ್ಟು ಹೋಗ್ತಾರೆ. ಇಲ್ಲ ಅನ್ನೋ ಬಾಯಿ ಇರೋದು ನಿಂಗೊಬ್ಳಿಗೇ."

ಪರೀಕ್ಷೆಯ ನಿಯಮ ನನ್ನದು. ಹಾಲಿಗೆ ಅಡ್ಡವಾಗಿ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟೆವು. ಅದರ ಹಿಂದೆ ಕೂತ ಆಂಟಿ ಒಮ್ಮೆ ಕಂಪ್ಯೂಟರಿಗೆ, ಒಮ್ಮೆ ಡಬ್ಬಿಗೆ ಮನಸ್ಸಿಗೆ ಬಂದಂತೆ ಸ್ವಿಚ್ ಹಾಕಿ, ಯಾವುದೆಂದು ಚೀಟಿಯಲ್ಲಿ ಬರೆದಿಡಬೇಕು. ಹತ್ತು ಸಲ ನಾನು ಊಹಿಸಬೇಕು. ಮೊದಲ ಪರೀಕ್ಷೆಯಲ್ಲಿ ಅರ್ಧ ತಪ್ಪಾಯಿತು. ನನಗೆ ಖುಷಿಯೋ ಖುಷಿ. ಅಂಕಲ್ ಮುಖ ಚಿಕ್ಕದು ಮಾಡಲಿಲ್ಲ, ಡಬ್ಬಿ ಬಿಚ್ಚಿ ಮತ್ತೆ ಕೂತರು. ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಆಗಲೂ ಅಷ್ಟೇ.

ಮೂರನೆಯ ಸಲ... ಆ ಮಧ್ಯಾಹ್ನವನ್ನು ಹೇಗೆ ಹೇಳಲಿ? ಆಂಟಿ ಸ್ವಿಚ್ ಬದಲಿಸಿದರು. ಅದುವರೆಗೆ ಹಾಡಿನ ಕೆಳಗೆ ಸಣ್ಣಗೆ ಗುಂಯ್ ಎನ್ನುತ್ತಿದ್ದದ್ದು ನಿಂತಿತು. ಅದು ನಿಂತ ಮೇಲೆಯೇ ಅಂಥದ್ದೊಂದು ಸದ್ದಿತ್ತೆಂದು ನನಗೆ ತಿಳಿದದ್ದು. ಎರಡು ಸಾಲುಗಳ ನಡುವೆ, ಟೇಪಿನ ಸುಯ್ಯೆನ್ನುವ ಸದ್ದಿನ ಒಳಗೆ, ಯಾರೋ ಉಸಿರೆಳೆದುಕೊಂಡರು. ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದೆ. ಆದರೂ ನಂಬದೆ ಇನ್ನೊಂದು ಹತ್ತು ಮಾಡಿಸಿದೆ. ಅವೂ ಸರಿ.

"ಆಂಟಿ ಉಸಿರು ತಗೊಳ್ಳೋದು ಕೇಳಿಸ್ತಿದೆ ಅಂಕಲ್."

ಬೆಡ್‌ಶೀಟಿನ ಆಚೆಯಿಂದ ಪಿಸುದನಿ ಬಂತು. "ಮೇಲಿನ ಸ್ವರಕ್ಕೆ ಮುಂಚೆ ಹಂಗೇ ತಗೋತಿದ್ದೆ. ಮೇಷ್ಟ್ರು ಬೈತಿದ್ರು."

ಅಂಕಲ್ ಕಿವಿಗೆ ಕೈ ಅಡ್ಡ ಹಿಡಿದು ಸ್ಪೀಕರಿನತ್ತ ಬಾಗಿದರು. ಕೇಳಿಸಲಿಲ್ಲ. ನನ್ನ ಕಡೆ ತಿರುಗಿ, "ಎಲ್ಲೆಲ್ಲಿ ಬರತ್ತೆ, ಬೆರಳೆತ್ತಿ ತೋರ್ಸು," ಎಂದರು. ಹಾಡು ಮೊದಲಿನಿಂದ ಶುರುವಾಯಿತು. ಉಸಿರು ಬಂದಾಗಲೆಲ್ಲ ನಾನು ಬೆರಳೆತ್ತಿದೆ. ಅವರು ನನ್ನ ಬೆರಳನ್ನೇ ನೋಡುತ್ತ ಕೊನೆಯವರೆಗೆ ಕೂತರು, ಕಣ್ಣರೆಪ್ಪೆ ಬಡಿಯದೆ.

ಈಗ ಇಬ್ಬರೂ ಇಲ್ಲ. ಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಕಂಪ್ಯೂಟರು ಗುಜರಿಗೆ ಹೋಯಿತಂತೆ. ಒಂದು ಸೀಡಿಗೆ ಹಾಕಿ ಕೊಡಿ ಎಂದಿದ್ದರೆ ಐದು ನಿಮಿಷದ ಕೆಲಸವಾಗಿತ್ತು, ಕೇಳಲಿಲ್ಲ. ಮೆಟ್ಟಿಲಿಳಿದರೆ ಸಿಗುವ ಹಾಡಲ್ಲವೇ ಎಂದುಕೊಂಡಿದ್ದೆ... ಅದರ ಸಾಲುಗಳು ಮರೆತುಹೋಗಿವೆ, ರಾಗ ಯಾವುದೆಂದು ಆಗಲೂ ಗೊತ್ತಿರಲಿಲ್ಲ. ಆಂಟಿ ಎಲ್ಲೆಲ್ಲಿ ಉಸಿರೆಳೆದುಕೊಂಡರು ಎನ್ನುವುದಷ್ಟೇ ನನ್ನ ಹತ್ತಿರ ಉಳಿದಿದೆ.