ಬಿಟ್ಟುಬಂದವಳನ್ನು ಕೇಳಲು ಬಂದವರು

ಮೊನ್ನೆ ಹಾವೇರಿಯ ಬಸ್ ನಿಲ್ದಾಣದ ಹತ್ತಿರ ಇದ್ದಿಲ ಕೆಂಡದ ಮೇಲೆ ಗೋವಿನಜೋಳ ಸುಡುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು ಕಾಲೇಜುಗಳ ಹೆಸರು ಹೇಳುತ್ತ, ಯಾವುದು ಮೇಲೆಂದು ನನ್ನನ್ನು ಕಾಡುತ್ತಿದ್ದಳು. ಇದ್ದಿಲ ವಾಸನೆ ಮೂಗಿಗೆ ಬಡಿದದ್ದೇ ನನಗೆ ತರ್ಕಶಾಸ್ತ್ರದ ಮಾಸ್ತರರು ನೆನಪಾದರು. ನಗಬೇಡಿ, ಸಂಬಂಧವಿದೆ.

ಅದು ಎರಡನೇ ಮಹಾಯುದ್ಧದ ಕಾಲ. ಹಿರೇಕೆರೂರಿನಿಂದ ಧಾರವಾಡಕ್ಕೆ ಕಾಲೇಜು ಕಲಿಯಲು ಹೋದ ನಮ್ಮ ಮನೆತನದ ಮೊದಲ ಹುಡುಗಿ ನಾನು. ಹೋಗುವಾಗ ಇದ್ದ ಗತ್ತು ಕೇಳಬೇಡಿ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಎಲ್ಲರೂ ನಕ್ಕಾಗ ನಾನೂ ನಗುತ್ತಿದ್ದೆ, ತುಸು ತಡವಾಗಿ. ಪರೀಕ್ಷೆಯಲ್ಲಿ ನಪಾಸಾದೆ. ದೀಪಾವಳಿಗೆ ಊರಿಗೆ ಬಂದವಳು ಹಿಂದಿರುಗಲಿಲ್ಲ. ಅಪ್ಪ ಬೈಯಲಿಲ್ಲ. ಹಾನಗಲ್ಲಿನ ಕಡೆ ವರ ನೋಡತೊಡಗಿದ, ಅಷ್ಟೇ.

ಒಂದು ಮಧ್ಯಾಹ್ನ, ಮುಖವೆಲ್ಲ ಮಸಿಯಾದವರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಆಗ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು; ಇಳಿದವರ ಮುಖವೆಲ್ಲ ಕಪ್ಪಾಗಿರುತ್ತಿತ್ತು. ಅವ್ವ ನೋಡಿದವಳೇ, “ಇದ್ದಲಿ ಬ್ಯಾಡ್ರಿ, ಮುಂದ ಹೋಗ್ರಿ,” ಎಂದಳು.

“ಮಾರಾಕ ಬಂದಿಲ್ರವ್ವಾ. ನಿಮ್ಮ ಮಗಳ ಮಾಸ್ತರ ನಾನು.”

ಅವ್ವ ನಾಚಿ ಬಿಸಿನೀರು ತಂದಳು. ಮುಖ ತೊಳೆದು ಕುಳಿತವರಿಗೆ ಅಪ್ಪ ಕೈಮುಗಿದ. “ಹುಡುಗಿ ದಡ್ಡಿ ಅದಾಳ್ರಿ. ನಿಮ್ಮ ತಪ್ಪೇನಿಲ್ಲ.”

“ಅದನ್ನ ಕೇಳಾಕ ಬಂದೇನ್ರಿ. ಪಾಸಾದವರು ನಮ್ಮನ್ನ ಹೊಗಳ್ತಾರ. ಬಿಟ್ಟು ಬಂದವರನ್ನ ಕೇಳಿದ್ರ ಕಾಲೇಜು ಹೆಂಗೈತಿ ಅಂತ ತಿಳೀತೈತಿ.” ನನ್ನತ್ತ ತಿರುಗಿದರು. “ಹೇಳವಾ, ನಾವು ಎಲ್ಲಿ ತಪ್ಪಿದ್ವಿ?”

ನಾನು ಕಂಬ ಹಿಡಿದು ನಿಂತಿದ್ದೆ. “ನೀವು ಹೇಳಿದ್ದು ಒಂದೂ ತಿಳೀಲಿಲ್ರಿ. ತಿಳೀಲಿಲ್ಲ ಅನ್ನಾಕ ಸೈತ ಇಂಗ್ಲಿಷ್ ಬೇಕಾಗಿತ್ತು,” ಎಂದು ಅತ್ತುಬಿಟ್ಟೆ.

“ನಮ್ಮೂರು ಹತ್ತಿಮತ್ತೂರಿಂದ ಕಾಲೇಜಿಗೆ ಹೋದಾಗ ನನಗೂ ಹಿಂಗ ಆಗಿತ್ತು. ಮರತಬಿಟ್ಟಿದ್ದೆ,” ಎಂದರು. ಆಮೇಲೆ ಅಪ್ಪನಿಗೆ, “ಆಕೀನ ಇನ್ನೊಮ್ಮೆ ಕಳಸ್ರಿ. ಸಂಜಿಕ ಕನ್ನಡದಾಗ ತಿಳಿಸಿ ಹೇಳ್ತೇನಿ. ಆಗೂ ತಿಳೀದಿದ್ರ ನಾನ ದಡ್ಡ.”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ವರನ ಮಾತು ಅಲ್ಲಿಗೇ ನಿಂತಿತು.

ಸಂಜೆಯ ಪಾಠಕ್ಕೆ ನಾನೊಬ್ಬಳೇ ಇರುತ್ತೇನೆಂದು ತಲೆ ತಗ್ಗಿಸಿಕೊಂಡು ಹೋದೆ. ಬೆಂಚುಗಳೆಲ್ಲ ತುಂಬಿದ್ದವು. ತಡವಾಗಿ ನಗುವವರು ಅಷ್ಟು ಜನ ಇದ್ದರು! ಅದೇ ಪಾಠದ ಪುಣ್ಯದಿಂದ ಪಾಸಾಗಿ, ಶಿಗ್ಗಾಂವಿಯಲ್ಲಿ ಮಾಸ್ತರಿಕೆ ಹಿಡಿದು, ನಾನೂ ಬಹಳ ವರ್ಷ ಪಾಠ ಹೇಳಿದೆ.

“ಅಜ್ಜೀ, ಎಲ್ಲಿ ಕಳದ ಹೋದಿ?” ಮೊಮ್ಮಗಳು ಕೈ ಜಗ್ಗಿದಳು.

“ನೀ ಹೇಳಿದ ಆ ಕಾಲೇಜುಗಳನ್ನ ಬಿಟ್ಟು ಬಂದವರು ಯಾರರ ಗೊತ್ತದಾರೇನು?”

ಅವಳು ಯೋಚಿಸಿದಳು. “ಹಿಂದಿನ ಓಣಿ ರೇಣುಕಾ. ಆಕೀನ ಈಗ ಯಾರೂ ಮಾತಾಡಸಂಗಿಲ್ಲ.”

“ನಡೀ ಮತ್ತ,” ಎಂದೆ. “ಮೊದಲ ಆಕೀ ಮನೀಗೆ ಹೋಗೂಣು.”